ಬಟ್ಟೆಗಂಟಿನಲ್ಲಿ ಯುವರಾಜ: ತಲೆಮರೆಸಿಕೊಂಡ ರಾಜಕುಮಾರನ ಸಾಹಸ ಚಿತ್ರಕ್ಕೆ ಚಿತ್ರಕಥೆ ಬರೆಯುವ ಸಮಗ್ರ ಮಾರ್ಗದರ್ಶಿ

ಹಂಪಿ ಹಾಳಾಗಿ ಅರ್ಧ ಶತಮಾನ ಕಳೆದಿತ್ತು. ವಿಜಯನಗರ ಅನ್ನುವ ಹೆಸರು ಪೆನುಗೊಂಡ, ಚಂದ್ರಗಿರಿ ದಾಟಿ ವೇಲೂರಿನ ಕೋಟೆಗೆ ಬಂದು ಕೂತಿತ್ತು. 1614ರ ಅಕ್ಟೋಬರಿನಲ್ಲಿ ಅಲ್ಲಿ ಎರಡನೇ ವೆಂಕಟಪತಿರಾಯ ತೀರಿಕೊಂಡ. ಕಣ್ಣು ಮುಚ್ಚುವ ಮುನ್ನ ಅಣ್ಣನ ಮಗ ಶ್ರೀರಂಗನನ್ನು ಕರೆಸಿ ಉಂಗುರ ಕೊಟ್ಟಿದ್ದ. ರಾಣಿಯೊಬ್ಬಳ ತವರಿನ ಸರದಾರ ಗೊಬ್ಬೂರಿ ಜಗ್ಗರಾಯನಿಗೆ ಇದು ಹಿಡಿಸಲಿಲ್ಲ. ಆ ರಾಣಿಯ ಮಗನೆಂದು ಬೆಳೆಸಿದ್ದ ಹುಡುಗನನ್ನು ಗದ್ದುಗೆಗೆ ಏರಿಸಿ, ಶ್ರೀರಂಗನನ್ನು ಹೆಂಡತಿ ಮಕ್ಕಳ ಸಮೇತ ಸೆರೆಯಲ್ಲಿಟ್ಟ. ಜಗ್ಗರಾಯನಿಗೆ ಬಗ್ಗದೆ ಉಳಿದವನು ವೆಲುಗೋಟಿ ಯಾಚಮನಾಯಕ. ಅವನು ಅರಮನೆಯ ಬಟ್ಟೆ ಒಗೆಯುವ ಮಡಿವಾಳನೊಬ್ಬನ ನೆರವು ಪಡೆದು, ಶ್ರೀರಂಗನ ನಡುವಿನ ಮಗ, ಹನ್ನೆರಡರ ಆಸುಪಾಸಿನ ರಾಮದೇವನನ್ನು ಬಟ್ಟೆಗಂಟಿನಲ್ಲಿ ಕಟ್ಟಿಸಿ ಕೋಟೆಯಿಂದ ಹೊರಗೆ ಸಾಗಿಸಿದ.

ಐತಿಹಾಸಿಕ ಸಾಹಸ ಚಿತ್ರ ಬರೆಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ಹುಡುಗರಿಗೆ ನಾನು ಈ ಘಟನೆಯನ್ನೇ ಕೊಡುತ್ತೇನೆ. ಇದನ್ನು ಹಿಡಿದುಕೊಂಡು, ಕಾಗದದ ಮೊದಲ ಸಾಲಿನಿಂದ ಕೊನೆಯ ದೃಶ್ಯದವರೆಗೆ ಹೇಗೆ ಹೋಗುವುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಕಥೆ ಬೇರೆಯದಾದರೂ ದಾರಿ ಇದೇ.

ಹೆಜ್ಜೆ 1: ಆಧಾರಗಳನ್ನು ಓದಿ, ಬರೆದವನು ಯಾರ ಕಡೆಯವನು ಎಂದು ಗುರುತು ಹಾಕಿ

ಮಡಿವಾಳನ ಪ್ರಸಂಗ ನಮಗೆ ಸಿಗುವುದು ಪೋರ್ಚುಗೀಸ್ ಜೆಸ್ವಿಟ್ ಪಾದ್ರಿ ಮನುವೆಲ್ ಬರ್ರಾದಸ್ ಬರೆದ ಕಾಗದದಲ್ಲಿ. ಅವನು ಅದನ್ನು ಬರೆದದ್ದು 1616ರ ಡಿಸೆಂಬರಿನಲ್ಲಿ, ಕೊಚ್ಚಿಯಿಂದ. ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಮೇಲೆ ತಂದ ಪುಸ್ತಕದಲ್ಲಿ ಅದರ ಇಂಗ್ಲಿಷ್ ಅನುವಾದವಿದೆ. ಎರಡನೆಯ ಆಧಾರ ತಂಜಾವೂರಿನ ರಘುನಾಥನಾಯಕನ ಆಸ್ಥಾನದಲ್ಲಿ ರಾಮಭದ್ರಾಂಬೆ ಬರೆದ ಸಂಸ್ಕೃತ ಕಾವ್ಯ 'ರಘುನಾಥಾಭ್ಯುದಯ'. ಮೂರನೆಯದು ಯಾಚಮನ ಮನೆತನದ್ದೇ ತೆಲುಗು ವಂಶಾವಳಿ.

ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ತಮಾಷೆ ಗೊತ್ತಾಗುತ್ತದೆ. ಈ ಜಗಳ ಕೊನೆಗೆ ಯುದ್ಧಕ್ಕೆ ಹೋಯಿತು. ತಂಜಾವೂರಿನ ಕಾವ್ಯದಲ್ಲಿ ಅದನ್ನು ಗೆದ್ದವನು ರಘುನಾಥ. ವಂಶಾವಳಿಯಲ್ಲಿ ಯಾಚಮ. ಪಾದ್ರಿಗೆ ಇಬ್ಬರ ಹಂಗೂ ಇಲ್ಲ, ಆದರೆ ಅವನು ಬರೆಯುತ್ತಿರುವುದು ದೂರದಲ್ಲಿ ಕೂತು, ಬೇರೆಯವರ ಬಾಯಿಂದ ಕೇಳಿದ್ದನ್ನು. ತಿರುಚಿರಾಪಳ್ಳಿಯ ಬಯಲಿನಲ್ಲಿ ಹತ್ತು ಲಕ್ಷ ಸೈನಿಕರು ನೆರೆದಿದ್ದಾರೆ ಎಂದು ಬರೆಯುತ್ತಾನೆ. ಆ ಲೆಕ್ಕವನ್ನು ನಂಬಿ ಗ್ರಾಫಿಕ್ಸಿಗೆ ದುಡ್ಡು ಸುರಿಯಬೇಡಿ. ಹತ್ತು ಲಕ್ಷ ಅಂದರೆ ನೋಡಿದವರು ಬೆಚ್ಚಿಬಿದ್ದಿದ್ದರು ಎಂದು ಓದಿಕೊಂಡರೆ ಸಾಕು.

ಓದುವಾಗ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ ನಡೆದದ್ದು, ಬಲಕ್ಕೆ ನೀವು ಕಟ್ಟಿದ್ದು. ಆರು ತಿಂಗಳು ಬರೆಯುತ್ತಾ ಹೋದ ಮೇಲೆ ಯಾವುದು ಚರಿತ್ರೆ, ಯಾವುದು ನಮ್ಮ ಕಲ್ಪನೆ ಅನ್ನುವುದು ನಮಗೇ ಮರೆತುಹೋಗುತ್ತದೆ. ಆಗ ಈ ಹಾಳೆ ಕೈಹಿಡಿಯುತ್ತದೆ.

ಹೆಜ್ಜೆ 2: ತಾರೀಖುಗಳನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ

1614ರ ಅಕ್ಟೋಬರ್: ವೆಂಕಟಪತಿಯ ಸಾವು. ಆಮೇಲೆ ಶ್ರೀರಂಗನ ಸೆರೆ. ರಾಮದೇವ ಹೊರಗೆ ಬರುತ್ತಾನೆ. ಉಳಿದವರನ್ನು ಸುರಂಗ ತೋಡಿ ಬಿಡಿಸಲು ನೋಡುತ್ತಾರೆ, ಸುರಂಗ ಪತ್ತೆಯಾಗಿ ಕಾವಲು ಬಿಗಿಯಾಗುತ್ತದೆ. ಇನ್ನೊಂದು ಪ್ರಯತ್ನದ ಸುದ್ದಿ ಜಗ್ಗರಾಯನಿಗೆ ಮುಟ್ಟುತ್ತದೆ. ಅವನು ಶ್ರೀರಂಗನ ಇಡೀ ಕುಟುಂಬವನ್ನು ಕೊಲ್ಲಿಸುತ್ತಾನೆ. ಉಳಿದವನು ಹೊರಗಿರುವ ಹುಡುಗನೊಬ್ಬನೇ. ಯಾಚಮ ತಂಜಾವೂರಿನ ರಘುನಾಥನ ಜೊತೆ ಸೇರುತ್ತಾನೆ. ಮದುರೆ, ಜಿಂಜಿಯ ನಾಯಕರು ಜಗ್ಗರಾಯನ ಕಡೆ. 1616ರ ಕೊನೆ, 1617ರ ಹೊತ್ತಿಗೆ ಕಾವೇರಿಯ ಕಲ್ಲಣೆಯ ಹತ್ತಿರ ತೋಪೂರಿನಲ್ಲಿ ಯುದ್ಧ. ಜಗ್ಗರಾಯ ಅಲ್ಲಿ ಸಾಯುತ್ತಾನೆ. ಹದಿನೈದರ ರಾಮದೇವ ರಾಯನಾಗುತ್ತಾನೆ, 1632ರವರೆಗೆ ಆಳುತ್ತಾನೆ.

ಈಗ ಹಾಳೆಯನ್ನು ದೂರದಿಂದ ನೋಡಿ. ಒಬ್ಬನನ್ನು ಬಿಡಿಸಿದ್ದಾಯಿತು. ಉಳಿದವರನ್ನು ಬಿಡಿಸಲು ಹೋದದ್ದೇ ಅವರ ಕೊಲೆಗೆ ನೆಪವಾಯಿತು. ಇಂಟರ್ವಲ್ ಬ್ಲಾಕ್ ಎಲ್ಲಿ ಬರಬೇಕು ಅನ್ನುವುದನ್ನು ಚರಿತ್ರೆಯೇ ತೋರಿಸಿಕೊಡುತ್ತಿದೆ. ಹುಡುಗ ತಪ್ಪಿಸಿಕೊಂಡ ಗೆಲುವಿನಲ್ಲಿ ಇಂಟರ್ವಲ್ ಇಡಬೇಡಿ, ಮನೆಯವರ ಸುದ್ದಿ ಅವನ ಕಿವಿಗೆ ಬೀಳುವಲ್ಲಿ ಇಡಿ. ಕೊಲೆಯನ್ನು ತೋರಿಸಲೂಬೇಡಿ. ಬರ್ರಾದಸ್ ಅದನ್ನು ವಿವರವಾಗಿ ಬರೆದಿದ್ದಾನೆ, ಓದಿದರೆ ಎರಡು ದಿನ ಊಟ ಸೇರುವುದಿಲ್ಲ. ಹುಡುಗ ಕೇಳಿಸಿಕೊಳ್ಳುವ ಮುಖ ಸಾಕು.

ಹೆಜ್ಜೆ 3: ಕಥೆ ಯಾರ ಕಣ್ಣಿನಿಂದ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ದೊಡ್ಡದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬಹಳ ಹಿಂದೆ ಇದೇ ಕಥೆಯನ್ನು ಒಬ್ಬ ನಿರ್ಮಾಪಕರಿಗೆ ಹೇಳಲು ಹೋಗಿದ್ದೆ. ಮುಕ್ಕಾಲು ಗಂಟೆ ರಾಯರ ಅರವೀಡು ಮನೆತನ, ಗೊಬ್ಬೂರಿಯವರು, ವೆಲುಗೋಟಿಯವರು ಎಂದು ವಂಶವೃಕ್ಷ ಬಿಡಿಸಿದೆ. ಅವರು ಕಾಫಿ ಲೋಟ ಕೆಳಗಿಟ್ಟು, 'ಎಲ್ಲಾ ಸರಿ, ಹೀರೋ ಯಾರು?' ಅಂದರು. ನಾನು 'ರಾಮದೇವ' ಅಂದೆ. 'ಅವನು ಗಂಟಲ್ಲಿ ಮಲಗಿರ್ತಾನಲ್ರೀ' ಅಂದರು. ಅವತ್ತು ಸಿಟ್ಟು ಬಂತು. ಮನೆಗೆ ಬರುವಷ್ಟರಲ್ಲಿ ಅವರು ಹೇಳಿದ್ದು ಸರಿ ಅನ್ನಿಸಿತ್ತು.

ಅಡಗಿರುವ ರಾಜಕುಮಾರನ ಕಥೆಗಳಲ್ಲಿ ಮಗು ಹೊರೆ, ಹೊರುವವನು ನಾಯಕ. ಮೇವಾಡದ ರಾಜಕುಮಾರ ಉದಯಸಿಂಹನ ಕಥೆಯನ್ನು ಜನ ನೆನೆಯುವುದು ಅವನನ್ನು ಉಳಿಸಿದ ದಾದಿ ಪನ್ನಾ ದಾಯಿಯ ಹೆಸರಿನಿಂದ. ನಾರ್ವೆಯಲ್ಲಿ 1206ರ ಚಳಿಗಾಲದಲ್ಲಿ ಮುಂದೆ ರಾಜನಾದ ಕೂಸು ಹಾಕೋನನನ್ನು ಎತ್ತಿಕೊಂಡು ಹಿಮದ ಬೆಟ್ಟ ದಾಟಿದ ಇಬ್ಬರ ನೆನಪಿಗೆ ಇವತ್ತಿಗೂ ಸ್ಕೀ ಓಟ ನಡೆಯುತ್ತದೆ, ಓಡುವವರು ಬೆನ್ನಿಗೆ ಮೂರೂವರೆ ಕಿಲೋ ಭಾರ ಕಟ್ಟಿಕೊಳ್ಳಬೇಕು. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನನ್ನೂ ಮೊದಲು ಉಳಿಸುವುದು ಅವನನ್ನು ಎತ್ತಿಕೊಂಡು ಓಡಿಬಂದ ದಾದಿ.

ಹಾಗಾಗಿ ವೇಲೂರಿನ ಕಥೆಯ ನಾಯಕ ಯಾಚಮನಾಯಕನೂ ಅಲ್ಲ. ಅವನಿಗೆ ಸೈನ್ಯವಿದೆ, ಕುದುರೆಯಿದೆ, ಸೋತರೆ ಹಿಂದೆ ಸರಿಯಲು ನಾಡಿದೆ. ಮಡಿವಾಳನಿಗೆ ಇರುವುದು ಒಂದು ಕತ್ತೆ, ಒಗೆಯುವ ಕಲ್ಲು, ಮನೆಯಲ್ಲಿ ಹೆಂಡತಿ ಮಕ್ಕಳು. ಸಿಕ್ಕಿಬಿದ್ದರೆ ಮೊದಲು ಹೋಗುವ ತಲೆ ಅವನದು. ಅವನಿಗೊಂದು ಹೆಸರಿಡಿ, ಬಲಗಡೆ ಕಾಲಮಿನಲ್ಲಿ ಬರೆದುಕೊಳ್ಳಿ. ನಾನು ನನ್ನ ಕರಡಿನಲ್ಲಿ 'ಮಾಚ' ಅಂತ ಇಟ್ಟಿದ್ದೆ, ಮಡಿವಾಳ ಮಾಚಿದೇವರ ನೆನಪಿಗೆ.

ಹೆಜ್ಜೆ 4: ಹೊರುವವನ ಕಸುಬನ್ನು ಕಲಿಯಿರಿ

ನಾಯಕ ಯಾರು ಅಂತ ಗೊತ್ತಾದ ಮೇಲೆ ಗ್ರಂಥಾಲಯದಿಂದ ಎದ್ದು ಹೊಳೆ ದಂಡೆಗೆ ಹೋಗಿ. ನಮ್ಮ ಬೀದಿಯ ಹಿರಿಯ ಮಡಿವಾಳರೊಬ್ಬರ ಹತ್ತಿರ ನಾನು ಮೂರು ಸಂಜೆ ಕೂತಿದ್ದೆ. ಅಷ್ಟರಲ್ಲಿ ಸಿಕ್ಕಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಒಂದು, ಉಬ್ಬೆ. ಕೊಳೆ ಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ, ದೊಡ್ಡ ಬಾನಿಯಲ್ಲಿ ಜೋಡಿಸಿ, ಹಬೆಯಲ್ಲಿ ಬೇಯಿಸುವುದು. ರಾತ್ರಿ ಒಲೆ ಹಚ್ಚಿದರೆ ಬೆಳಗಿನವರೆಗೆ ಯಾರಾದರೂ ಎದ್ದಿರಲೇಬೇಕು. ಅಂದರೆ ಮಾಚನ ಮನೆಯಲ್ಲಿ ರಾತ್ರಿಯಿಡೀ ಬೆಂಕಿ ಉರಿಯುತ್ತಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ. ಗುಟ್ಟಿನ ಮಾತುಕತೆಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಎರಡು, ಕರಿಗೇರು. ಯಾರ ಮನೆಯ ಬಟ್ಟೆ ಯಾವುದು ಎಂದು ತಿಳಿಯಲು ಕರಿಗೇರಿನ ರಸದಲ್ಲಿ ಅಂಚಿಗೆ ಗುರುತು ಹಾಕುತ್ತಾರೆ. ಎಷ್ಟು ಒಗೆದರೂ ಹೋಗುವುದಿಲ್ಲ. ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ. ಅವರು ಇದನ್ನು ಹೇಳುತ್ತಿದ್ದ ಹಾಗೆ ನನಗೆ ಎರಡನೇ ಅರ್ಧದ ಅಪಾಯ ಹೊಳೆಯಿತು: ಹುಡುಗನ ಒಡವೆ ಕಳಚಿದ್ದಾರೆ, ಜುಟ್ಟು ಬದಲಿಸಿದ್ದಾರೆ, ಆದರೆ ಉಟ್ಟ ಪಂಚೆಯ ಅಂಚಿನಲ್ಲಿ ಅರಮನೆಯ ಗುರುತು ಹಾಗೇ ಇದೆ. ಯಾವ ಗೂಢಚಾರನಿಗೂ ಅದು ಓದಲು ಬರುವುದಿಲ್ಲ. ಓದಲು ಬರುವುದು ಇನ್ನೊಬ್ಬ ಮಡಿವಾಳನಿಗೆ. ಮಾಚನನ್ನು ಹಿಡಿದುಕೊಡಬಲ್ಲವನು ಅವನ ಕಸುಬಿನವನೇ.

ಮೂರು, ತೂಕ. ಹನ್ನೆರಡು ವರ್ಷದ ಹುಡುಗ ಮೂವತ್ತು ಕಿಲೋಗೆ ಕಡಿಮೆ ಇರುವುದಿಲ್ಲ. ಹೊಳೆಯಿಂದ ಬರುವ ಹಸಿ ಬಟ್ಟೆಯಾದರೆ ಭಾರ, ಆದರೆ ಕೋಟೆಯಿಂದ ಹೊರಗೆ ಹೋಗುವುದು ಒಣಗಿದ ಕೊಳೆ ಬಟ್ಟೆ. ಅದು ಹಗುರ! ಮಾಚ ಮೂವತ್ತು ಕಿಲೋ ಹೊತ್ತು ಐದು ಕಿಲೋ ಹೊತ್ತವನಂತೆ ನಡೆಯಬೇಕು. ನಟನಿಗೆ ಇಷ್ಟು ಹೇಳಿಕೊಟ್ಟರೆ ಹಿನ್ನೆಲೆ ಸಂಗೀತವೇ ಬೇಕಾಗುವುದಿಲ್ಲ.

ಹೆಜ್ಜೆ 5: ಬಾಗಿಲಿನ ದೃಶ್ಯವನ್ನು ಮೊದಲು ಬರೆಯಿರಿ

ಸೀನ್ ಆರ್ಡರ್ ಆಮೇಲೆ ಮಾಡಿ. ಚಿತ್ರದ ಜೀವ ಇರುವ ಒಂದು ದೃಶ್ಯವನ್ನು ಮೊದಲು ಬರೆದರೆ ಉಳಿದದ್ದಕ್ಕೆ ಶ್ರುತಿ ಸಿಗುತ್ತದೆ. ಇಲ್ಲಿ ಆ ದೃಶ್ಯ ಕೋಟೆಯ ಬಾಗಿಲು. ಕಾವಲಿನವನು ಗಂಟನ್ನು ಯಾಕೆ ಬಿಚ್ಚಿಸಲಿಲ್ಲ? ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋದರೆ ಪ್ರೇಕ್ಷಕ ಅಲ್ಲೇ ಕೈಬಿಡುತ್ತಾನೆ. 'ಅದೃಷ್ಟ' ಉತ್ತರವಲ್ಲ. ಲಂಚವೂ ಸಪ್ಪೆ. ನಾನು ಕಂಡುಕೊಂಡ ಉತ್ತರ ಸೂತಕ. ರಾಯ ಸತ್ತಿದ್ದಾನೆ, ಅರಮನೆಯ ಹಾಸಿಗೆ ಹೊದಿಕೆಯೆಲ್ಲ ಮೈಲಿಗೆ.

ದೃಶ್ಯ 14. ಹೊರಾಂಗಣ. ಕೋಟೆಯ ಬಾಗಿಲು. ಸಂಜೆ, ಜಿಟಿಜಿಟಿ ಮಳೆ.

ಮಾಚ ಗಂಟು ಹೊತ್ತು ಬರುತ್ತಾನೆ. ಹಿಂದೆ ಕತ್ತೆ, ಅದರ ಮೇಲೂ ಗಂಟು.

ಕಾವಲಿನವನು: ಏನ್ಲಾ, ಇವತ್ತು ಕತ್ತೆಗಿಂತ ನಿನ್ನ ಮೇಲೇ ಜಾಸ್ತಿ ಅದೆ?

ಮಾಚ: ಸೂತಕದ ಬಟ್ಟೆ ಬುದ್ಧಿ. ಒಳಮನೇದು. ಕತ್ತೆ ಮೇಲೆ ಹಾಕಬ್ಯಾಡ ಅಂದವ್ರೆ.

ಕಾವಲಿನವನು: ಬಿಚ್ಚು.

ಮಾಚ ಗಂಟನ್ನು ಕೆಳಗಿಡುತ್ತಾನೆ. ಮೆತ್ತಗೆ, ಆದರೆ ತೀರಾ ಮೆತ್ತಗೆ ಅಲ್ಲ.

ಮಾಚ: ಬಿಚ್ತೀನಿ. ನೀವೇ ಕೈಯಾಕಿ ನೋಡ್ಬುಡಿ ಬುದ್ಧಿ. ಆಮ್ಯಾಕೆ ಈ ಮಳೇಲಿ ತಲೆ ಮೇಲೆ ನೀರು ಹುಯ್ಕಂಡು ಬರಬೇಕಾಯ್ತದೆ, ಅಷ್ಟೇಯ.

ಕಾವಲಿನವನು ಈಟಿಯ ತುದಿಯನ್ನು ಗಂಟಿನ ಹತ್ತಿರ ತರುತ್ತಾನೆ. ಈಟಿಗೂ ಮೈಲಿಗೆಯಾದೀತು ಎಂದು ನೆನಪಾಗಿ ಹಿಂದೆ ತೆಗೆದುಕೊಳ್ಳುತ್ತಾನೆ.

ಕಾವಲಿನವನು: ಎತ್ಕಂಡು ನಡಿಯಲಾ.

ಗಂಟಿನೊಳಗೆ ಹುಡುಗನ ಕಣ್ಣು. ಬಟ್ಟೆಯ ನೇಯ್ಗೆಯ ಸಂದಿನಿಂದ ಈಟಿ ಕಾಣುತ್ತಿದೆ.

ಮಡಿವಾಳನನ್ನು ಕೀಳಾಗಿ ಕಾಣುವ ಅದೇ ಕಟ್ಟಳೆ ಅವತ್ತು ಅವನಿಗೆ ರಹದಾರಿಯಾಗುತ್ತದೆ. ಇದನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಬೇಡಿ. ಈಟಿ ಹಿಂದೆ ಹೋದದ್ದು ಕಂಡರೆ ಸಾಕು.

ಹೆಜ್ಜೆ 6: ಹುಡುಗನಿಗೆ ಏನು ಗೊತ್ತು, ಏನು ಗೊತ್ತಿಲ್ಲ

ಚಂದ್ರಹಾಸನಂಥ ಕೂಸಿಗೆ ತಾನು ಯಾರೆಂದು ಗೊತ್ತಿರುವುದಿಲ್ಲ. ಗುಟ್ಟು ಬಯಲಾಗುವುದೇ ಅಂಥ ಕಥೆಯ ಗಮ್ಮತ್ತು. ರಾಮದೇವನ ಪಾಡು ತಿರುಗಾಮುರುಗ. ಅವನಿಗೆ ಎಲ್ಲ ಗೊತ್ತು, ಅವನು ಮರೆತಂತೆ ನಟಿಸಬೇಕು. ಬರೆಯುವವನಿಗೆ ಇದು ಹಬ್ಬ. ನಡೆದು ಗೊತ್ತಿಲ್ಲದ ಅಂಗಾಲು. ಓಲೆ ಕಳಚಿದ ಮೇಲೂ ಜೋಲುವ ಕಿವಿಯ ತೂತು. ಬೊಗಸೆಯಲ್ಲಿ ನೀರು ಕುಡಿಯಲು ಹೋದರೆ ಅರ್ಧ ಎದೆ ಮೇಲೆ. ಯಾರಾದರೂ ಎದುರು ಬಂದರೆ ದಾರಿ ಬಿಡದೆ ನಿಂತುಬಿಡುತ್ತಾನೆ, ಯಾಕೆಂದರೆ ಇಲ್ಲಿಯವರೆಗೆ ದಾರಿ ಬಿಟ್ಟವರು ಬೇರೆಯವರು. ಇಂಥ ಹತ್ತು ವಿವರ ಪಟ್ಟಿ ಮಾಡಿ, ಮೂರನ್ನು ಮಾತ್ರ ಬಳಸಿ.

ಮಾಚ ಅವನನ್ನು ಹೇಗೆ ಕರೆಯುತ್ತಾನೆ ಅನ್ನುವುದೂ ಕಥೆಯೇ. ಮೊದಲು 'ಬುದ್ಧಿ', 'ಒಡೆಯಾ'. ಜನರ ಮುಂದೆ 'ಲೇ ಮಗಾ' ಅನ್ನಲೇಬೇಕಾದ ಮೊದಲ ಸಲ ನಾಲಿಗೆ ಏಳುವುದಿಲ್ಲ. ಕೊನೆಗೆ ಯಾರೂ ಇಲ್ಲದಾಗಲೂ 'ಮಗಾ' ಎಂದೇ ಬರುತ್ತದೆ, ಅವನಿಗೇ ಅರಿವಿಲ್ಲದೆ.

ಹೆಜ್ಜೆ 7: ಗದ್ದುಗೆಯ ಮೇಲಿನ ಇನ್ನೊಬ್ಬ ಹುಡುಗ

ಖಳನನ್ನು ಮೀಸೆ ತಿರುವುವ ಗೊಂಬೆ ಮಾಡಬೇಡಿ. ಜಗ್ಗರಾಯನ ಲೆಕ್ಕದಲ್ಲಿ ಅವನು ರಾಣಿಯ ಮಗನಿಗೆ ನ್ಯಾಯ ಕೊಡಿಸುತ್ತಿದ್ದಾನೆ. ಆದರೆ ಬರ್ರಾದಸ್ ಬರೆಯುವಂತೆ ಆ ಹುಡುಗ ರಾಣಿ ಹೆತ್ತವನಲ್ಲ, ಬ್ರಾಹ್ಮಣ ಹೆಂಗಸೊಬ್ಬಳ ಕೂಸನ್ನು ತಂದು ತನ್ನದೆಂದು ಸಾಕಿದ್ದು. ಅಂದರೆ ನಿಮ್ಮ ಕೈಯಲ್ಲಿ ಇಬ್ಬರು ಹುಡುಗರಿದ್ದಾರೆ. ಒಬ್ಬ ರಾಜನ ಮಗ, ಮಡಿವಾಳರ ಕೇರಿಯಲ್ಲಿ. ಇನ್ನೊಬ್ಬ ಯಾರದೋ ಮಗ, ರಾಯನ ಗದ್ದುಗೆಯಲ್ಲಿ. ಇಬ್ಬರನ್ನೂ ಯಾರೂ ಕೇಳಲಿಲ್ಲ. ಇಬ್ಬರೂ ಮುಖಾಮುಖಿಯಾಗುವ ಒಂದು ದೃಶ್ಯ ಕೊಡದಿದ್ದರೆ ಇಷ್ಟು ಒಳ್ಳೆಯ ಸರಕನ್ನು ಹಾಳು ಮಾಡಿದ ಹಾಗೆ.

ಹೆಜ್ಜೆ 8: ದಾರಿ, ಹವೆ, ಊಟ

ಅಕ್ಟೋಬರ್ ಎಂದರೆ ಆ ಸೀಮೆಯಲ್ಲಿ ಹಿಂಗಾರು ಮಳೆಯ ಹೊತ್ತು. ಉಳಿದ ದಿನ ಮರಳು ಹಾಸಿಕೊಂಡು ಮಲಗಿರುವ ಪಾಲಾರ್ ಆಗ ತುಂಬಿ ಹರಿಯಬಹುದು. ಅದು ನಮ್ಮ ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟಿ ಹೋಗುವ ಹೊಳೆ. ವೇಲೂರಿನಿಂದ ಕಲ್ಲಣೆಗೆ ಇನ್ನೂರು ಕಿಲೋಮೀಟರಿಗೂ ಮೇಲೆ. ಕಾಲುನಡಿಗೆಯಲ್ಲಿ ದಿನಕ್ಕೆ ಇಪ್ಪತ್ತೈದು ಎಂದಿಟ್ಟುಕೊಂಡರೂ ಹತ್ತು ದಿನದ ಹಾದಿ. ಹುಡುಗನ ಅಂಗಾಲು ಒಡೆದ ಮೇಲೆ ಹದಿನೈದು.

ಊಟದ ದೃಶ್ಯದಲ್ಲಿ ಟೊಮೆಟೊ, ಆಲೂಗಡ್ಡೆ, ಕಾಫಿ ಕಂಡರೆ ಪ್ರೇಕ್ಷಕರು ಸ್ಕ್ರೀನ್‌ಶಾಟ್ ತೆಗೆದು ವರ್ಷಗಟ್ಟಲೆ ನಗುತ್ತಾರೆ. ರಾಗಿ, ಹುರುಳಿ, ಹುಣಸೆ, ಮೆಣಸು ಹಾಕಿ, ಯಾರೂ ಕೇಳುವುದಿಲ್ಲ.

ಹೆಜ್ಜೆ 9: ಮಾತು

ವೇಲೂರಿನ ಅರಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು. ನೀವು ಬರೆಯುತ್ತಿರುವುದು ಕನ್ನಡ ಚಿತ್ರ, ಅದಕ್ಕೆ ನಾಚಬೇಕಿಲ್ಲ. ಆದರೆ ಮೇಲು ಕೀಳು ಕೇಳಿಸಬೇಕು. ಸರದಾರರಿಗೆ ಬಿಗಿಯಾದ, ಚಿಕ್ಕ ವಾಕ್ಯಗಳ ಕನ್ನಡ ಕೊಡಿ. ಮಾಚನಿಗೆ ಹಳೇ ಮೈಸೂರಿನ ಹಳ್ಳಿಯ ಮಾತು ಕೊಟ್ಟದ್ದು ನನ್ನ ಆಯ್ಕೆ. ನಿಮಗೆ ಕೋಲಾರದ ಕನ್ನಡ ಚೆನ್ನಾಗಿ ಬರುವುದಾದರೆ ಅದೇ ಇನ್ನೂ ಹತ್ತಿರ, ತೆಲುಗು ತಮಿಳಿನ ಗಾಳಿ ಅದಕ್ಕೆ ಮೊದಲೇ ತಗುಲಿದೆ. 'ಎಲವೋ ನೀಚನೇ' ಅನ್ನುವ ಕಂಪನಿ ನಾಟಕದ ಧಾಟಿ ಮಾತ್ರ ಬೇಡ. ನನಗೆ ಅದು ರಂಗದ ಮೇಲೆ ತುಂಬಾ ಇಷ್ಟ. ಕ್ಯಾಮೆರಾ ಮುಖಕ್ಕೆ ಹತ್ತಿರ ಬಂದಾಗ ನಗು ಬರುತ್ತದೆ.

ಹೆಜ್ಜೆ 10: ಬರೆಯುವಾಗಲೇ ಚಿತ್ರೀಕರಣ ನೆನೆಯಿರಿ

ವೇಲೂರು ಕೋಟೆ ಇವತ್ತೂ ಇದೆ, 133 ಎಕರೆ, ಸುತ್ತ ಕಂದಕ, ಒಳಗೆ ಜಲಕಂಠೇಶ್ವರ ದೇವಸ್ಥಾನ. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿ ಬೇಕು. ಒಂದೆರಡು ದಿನದಲ್ಲಿ ಮುಗಿಯುವಷ್ಟು ಮಾತ್ರ ಅಲ್ಲಿಗೆ ಬರೆಯಿರಿ, ಉಳಿದದ್ದು ಸೆಟ್.

ಕತ್ತೆ, ಕುದುರೆ, ಆನೆ ಬರೆದ ಕಡೆಯೆಲ್ಲ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯ ಕಾಗದ ಹಿಂಬಾಲಿಸುತ್ತದೆ. ಬಾಲನಟನ ವಿಷಯದಲ್ಲಿ ಕಾನೂನು ಸ್ಪಷ್ಟ: ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಸಂಭಾವನೆಯಲ್ಲಿ ಕನಿಷ್ಠ ಶೇ. 20 ಅವನ ಹೆಸರಿನಲ್ಲಿ ಠೇವಣಿಯಾಗಬೇಕು. ಪ್ರತಿ ದೃಶ್ಯದಲ್ಲೂ ಹುಡುಗನನ್ನು ನಿಲ್ಲಿಸಿದರೆ ಶೆಡ್ಯೂಲ್ ಎರಡು ಪಟ್ಟಾಗುತ್ತದೆ. ಕಥೆಯನ್ನು ಮಾಚನ ಕಣ್ಣಿಗೆ ಕೊಟ್ಟದ್ದರ ಇನ್ನೊಂದು ಲಾಭ ಇದು. ಗಂಟು ಹೊತ್ತು ನಡೆಯುವ ಶಾಟ್‌ಗಳಿಗೆ ಅಷ್ಟೇ ತೂಕದ ಬೊಂಬೆ ಕಟ್ಟಿ, ಹುಡುಗನನ್ನು ಬಟ್ಟೆಯೊಳಗೆ ಉಸಿರು ಕಟ್ಟಿಸಬೇಡಿ.

ತೋಪೂರಿನ ಯುದ್ಧ? ಕಲ್ಲಣೆಯ ದಂಡೆಯಲ್ಲಿ ಮಾಚ ಗಾಯಾಳುಗಳ ರಕ್ತದ ಬಟ್ಟೆ ಒಗೆಯುತ್ತಿದ್ದಾನೆ. ದಿಬ್ಬದ ಆಚೆಗೆ ಧೂಳು, ಗದ್ದಲ. ಬಟ್ಟೆ ಬರುತ್ತಲೇ ಇದೆ. ಯಾರು ಗೆಲ್ಲುತ್ತಿದ್ದಾರೆ ಅನ್ನುವುದು ಬಟ್ಟೆಯ ಬಣ್ಣದಿಂದ ಅವನಿಗೆ ಗೊತ್ತಾಗುತ್ತಿದೆ.

ಹೆಜ್ಜೆ 11: ಕೊನೆಯ ದೃಶ್ಯ

ಪಟ್ಟಾಭಿಷೇಕದ ಜೈಕಾರದಲ್ಲಿ ಮುಗಿಸುವುದು ಸುಲಭ, ವಿತರಕರಿಗೂ ಅದೇ ಬೇಕು. ಆದರೆ ಚರಿತ್ರೆ ಅಷ್ಟು ಸರಳವಾಗಿ ಮುಗಿಯಲಿಲ್ಲ. ರಾಮದೇವ ಮುಂದೆ ಮದುವೆಯಾದದ್ದು ಜಗ್ಗರಾಯನ ತಮ್ಮ ಎತಿರಾಜನ ಮಗಳನ್ನು. ತನ್ನ ಮನೆಯವರನ್ನು ಕೊಲ್ಲಿಸಿದವನ ಮನೆತನದ ಜೊತೆ ಬೀಗತನ! ಇದನ್ನು ಚಿತ್ರದೊಳಗೆ ತರಲು ಹೋದರೆ ಇನ್ನೊಂದು ಗಂಟೆ ಬೇಕು, ತರದಿದ್ದರೂ ನೀವು ಅದನ್ನು ತಿಳಿದುಕೊಂಡು ಬರೆಯಬೇಕು.

ನನ್ನ ಕರಡು ಮುಗಿಯುವುದು ಹೀಗೆ. ಪಟ್ಟವಾಗಿ ಕೆಲವು ತಿಂಗಳು ಕಳೆದಿವೆ. ಅರಮನೆಯ ಬಾಗಿಲು, ಸಂಜೆ. ಮಾಚನ ಮಗ ಮೈಲಿಗೆ ಬಟ್ಟೆಯ ಗಂಟು ಹೊತ್ತು ಹೊರಗೆ ಬರುತ್ತಾನೆ. ಹೊಸ ಕಾವಲಿನವನು ತಡೆದು, ಬಿಚ್ಚು ಎಂದೂ ಅನ್ನದೆ, ಈಟಿಯನ್ನು ಗಂಟಿನ ನಡುವೆ ಚುಚ್ಚಿ ಹೊರಗೆಳೆಯುತ್ತಾನೆ, ಇನ್ನೊಂದು ಸಲ ಚುಚ್ಚುತ್ತಾನೆ. ಹುಡುಗ ಗಾಬರಿಯಾಗಿ, 'ಮೈಲಿಗೆ ಬಟ್ಟೆ ಬುದ್ಧಿ' ಅನ್ನುತ್ತಾನೆ. ಕಾವಲಿನವನು ಈಟಿಯ ತುದಿ ಒರೆಸಿಕೊಳ್ಳುತ್ತಾ, 'ಆದ್ರೇನು? ರಾಯರದೇ ಅಪ್ಪಣೆ' ಅನ್ನುತ್ತಾನೆ.